ಮೆತ್ತನೆಯ ಮರ

ಮೂರು ಕಂತಿನಲ್ಲಿ ತೀರಿಸಿದೆ.
ಇನ್ನೂರ ಎಂಬತ್ತು ಡಾಲರ್, ಪೆಟ್ಟಿಗೆಯೂ ಸೇರಿ.
ಕೊನೆಯ ಕಂತಿನ ದಿನ ಅಡವಿನಂಗಡಿಯ ಫೆರ್ನಾನ್
ಒಂದು ಜೊತೆ ತಂತಿ ಬಿಟ್ಟಿ ಕೊಟ್ಟು,
'ದೊಡ್ಡ ವಾದ್ಯವೇನಲ್ಲ, ಎಲಿಯೆತ್' ಎಂದ,
'ಆದರೆ ಸುಳ್ಳು ಹೇಳೋದಿಲ್ಲ.'

ಬೆನ್ನು ಪ್ಲೈವುಡ್ಡು, ಪಕ್ಕೆಯೂ ಪ್ಲೈವುಡ್ಡು.
ಎದೆಯ ಹಲಗೆ ಮಾತ್ರ ಅಪ್ಪಟ ಸೀಡರ್.
ಮೇಪಲ್ ಪಾಕ ಒಲೆಯ ಮೇಲೆ
ಒಂದು ಗಳಿಗೆ ಮರೆತುಹೋದರೆ ಬರುತ್ತದಲ್ಲ,
ಆ ಬಣ್ಣ.
ರಂಧ್ರಕ್ಕೆ ಮೂಗಿಟ್ಟರೆ ಈಗಷ್ಟೇ ಹೆರೆದ ಪೆನ್ಸಿಲ್ಲು,
ಒಂದನೇ ಕ್ಲಾಸು, ಒದ್ದೆ ಕೈಗವಸು.

ಮರ ಬೆಳೆದದ್ದು ಈ ದೇಶದ ಆ ಕಡೆಯ ತುದಿಯಲ್ಲಿ.
ನಾನು ನೋಡಿಲ್ಲ. ರೈಲಿನಲ್ಲಿ ಐದು ದಿನವಂತೆ.
ನನಗೆ ಗೊತ್ತಿರುವುದು ಈ ಮಾತಾನ್ ಊರು, ಈ ನದಿ.
ಆಚೆ ದಡ ಕಾಣದ್ದಕ್ಕೆ
ಅದನ್ನು ನಾವೆಲ್ಲ ಸಮುದ್ರ ಅಂತಲೇ ಕರೆಯೋದು.
ಒಂದು ರಾತ್ರಿ ದೀಪದಡಿ ಕೂತು ಗೆರೆ ಎಣಿಸಿದೆ:
ಬೆರಳಗಲಕ್ಕೆ ಹದಿನೇಳು ವರ್ಷ.
ಸಿಗಡಿ ಫ್ಯಾಕ್ಟರಿಯಲ್ಲಿ ನಾನು ನಿಂತ ಇಪ್ಪತ್ತಾರಕ್ಕೆ
ಒಂದೂವರೆ ಬೆರಳು ಸಾಕು.
ಉಳಿದ ಹಲಗೆ ಅಷ್ಟೂ ನಾನಿಲ್ಲದಾಗಿನದು.

ಆ ಇಪ್ಪತ್ತಾರು ಕೂತಿರುವುದು ನನ್ನ ಗೆಣ್ಣುಗಳಲ್ಲಿ.
ಹಿಮದ ನೀರು, ಸಿಪ್ಪೆ, ಹಿಮದ ನೀರು.
ಮದುವೆಯುಂಗುರ ಕತ್ತರಿಸಿ ತೆಗೆದರು ಆಸ್ಪತ್ರೆಯಲ್ಲಿ;
ಎರಡು ತುಂಡು ಗುಂಡಿಗಳ ಡಬ್ಬಿಯಲ್ಲಿದೆ.
ರಬ್ಬರ್ ಚೆಂಡು ಹಿಸುಕಿ ಅಂದರು ಡಾಕ್ಟರು.
ಒಂದು ವಾರ ಹಿಸುಕಿದೆ.
ಚೆಂಡಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ.

ಮೈದುನ ನೋರ್ಮಾನನ ಬಳಿ ಸ್ಪ್ರೂಸ್ ಗಿಟಾರಿದೆ,
ಒಂದು ಹಳೇ ಕಾರಿನ ಬೆಲೆ.
ಬಾರಿಸಿದರೆ ಅಡುಗೆಮನೆ ತಟ್ಟೆಗಳು ಮೈ ಮುರಿದು ಏಳುತ್ತವೆ.
ಚಂದವೇ, ಇಲ್ಲವೆನ್ನಲಾರೆ.
ಆದರೆ ಅದಕ್ಕೆ ತೋಳು ಬೇಕು, ಎದುರುಮಾತು ಬೇಕು,
ನಾಲ್ಕು ಜನ ಕಾಲು ತಟ್ಟಬೇಕು.
ಹಬ್ಬದ ದಿನ ನನ್ನದನ್ನೂ ಹಾಗೇ ಬಡಿದು ನೋಡಿದ.
ಮಾತೆಲ್ಲ ಕಲಸಿ ಗಂಜಿಯಾಯಿತು.
'ಅಗ್ಗದ್ದು' ಎಂದು ಸೋಫಾಕ್ಕೆ ಒರಗಿಸಿದ.

ಎಲ್ಲರೂ ಹೋದ ಮೇಲೆ
ಪಾತ್ರೆ ತೊಳೆದು ಬೆಚ್ಚಗಾದ ಕೈಯಲ್ಲಿ
ಹೆಬ್ಬೆರಳ ಮಾಂಸ ಮಾತ್ರ ಸೋಕಿಸಿದೆ, ನಾಲ್ಕನೇ ತಂತಿಗೆ.
ಬಂತು.
ಕರೆದದ್ದು ಅಷ್ಟು ಮೆಲ್ಲಗೆ, ಆದರೂ ಬಂತು,
ಬಾಗಿಲಾಚೆಯೇ ನಿಂತಿದ್ದವರ ಹಾಗೆ.
ಬಲವಿಲ್ಲದ ಕೈಗೆ ಇದೇ ಮರ ಆಗಿಬರುತ್ತದೆ ಎಂದು
ಫೆರ್ನಾನನಿಗೆ ಗೊತ್ತಿತ್ತೋ ಏನೋ.
ಅವನಿಗೆ ಇಂಥದ್ದು ಗೊತ್ತಿರುವುದಿಲ್ಲ, ಬಹುಶಃ ಬೇಗ ಸಾಗಹಾಕಬೇಕಿತ್ತು.

ಮೆತ್ತನೆಯ ಮರ; ಉಗುರು ತಾಗಿದರೂ ಬರೆದುಕೊಳ್ಳುತ್ತದೆ.
ರಂಧ್ರದ ಕೆಳಗೆ ಯಾರದೋ ಕಿರುಬೆರಳು
ಊರಿ ಊರಿ ಬಿದ್ದ ಒಂದು ಗುಳಿ.
ಎಡಕ್ಕೆ ಅಲ್ಪವಿರಾಮಗಳಂಥ ಗೀರು, ಎಣಿಸಿಲ್ಲ.
ಯಾವ ಕಷ್ಟಕ್ಕೆ ಮಾರಿದರೋ!
ನನ್ನ ಕಿರುಬೆರಳು ಆ ಗುಳಿಗೆ ಹಿಡಿಸುವುದಿಲ್ಲ,
ಊದಿಕೊಂಡಿದೆ. ಪಕ್ಕದಲ್ಲಿ ನನ್ನದೇ ಒಂದು ಶುರುವಾಗಿದೆ.

ಜನವರಿಯಲ್ಲಿ ಹೀಟರು ಮನೆಯ ಪಸೆಯನ್ನೆಲ್ಲ ಕುಡಿಯುತ್ತದೆ.
ನನ್ನ ತುಟಿ ಬಿರಿಯುವ ಹೊತ್ತಿಗೆ ಹಲಗೆಗೂ ಅದೇ ಭಯ.
ಸೋಪಿನ ಡಬ್ಬಿಗೆ ತೂತು ಹೊಡೆದು,
ಒದ್ದೆ ಸ್ಪಂಜು ತುರುಕಿ,
ಪೆಟ್ಟಿಗೆಯಲ್ಲಿ ಅದರ ಕೊರಳ ಪಕ್ಕ ಇಡುತ್ತೇನೆ.
ನಾನು ಮುಲಾಮು ಹಚ್ಚಿಕೊಳ್ಳುತ್ತೇನೆ.
ಇಬ್ಬರದೂ ಆದಮೇಲೆ ದೀಪ ಆರಿಸುತ್ತೇನೆ.

ನಾಲ್ಕು ಗಂಟೆಗೆ ಹಿಮ ತಳ್ಳುವ ಲಾರಿ
ನಮ್ಮ ಬೀದಿಗೆ ಬರುತ್ತದೆ, ಕಬ್ಬಿಣದ ಹಲ್ಲು ಕೆರೆಯುತ್ತ.
ಕಿಟಕಿ ನಡುಗುತ್ತದೆ.
ಮುಚ್ಚಿದ ಪೆಟ್ಟಿಗೆಯ ಒಳಗಿನಿಂದ
ಐದನೆಯ ತಂತಿ, ಯಾರೂ ಮುಟ್ಟದೆ, ಗುಂಯ್ ಅನ್ನುತ್ತದೆ.
'ಆಯ್ತು, ಆಯ್ತು,' ಅನ್ನುತ್ತೇನೆ ಹೊದಿಕೆಯೊಳಗಿಂದ,
'ನಮ್ಮ ಪಾಳಿ ಐದೂವರೆಗೆ.'